ಅರವತ್ತರ ಮೇಲೆ ಊರು ಬಿಡುವ ಜೋಡಿಗಳು

ಅರವತ್ತಕ್ಕೆ ಅರಳು ಮರಳು ಎನ್ನುವುದು ನಮ್ಮ ಗಾದೆ. ಆ ವಯಸ್ಸು ದಾಟಿದವರಿಗೆ ಮನೆಯ ಜಗಲಿ, ಮೊಮ್ಮಕ್ಕಳ ಆಟ, ಹೆಚ್ಚೆಂದರೆ ಒಂದು ಕಾಶೀಯಾತ್ರೆ ಸಾಕು ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಅಮೆರಿಕದ ಯೂಟಾ ರಾಜ್ಯದ ಎಷ್ಟೋ ಮನೆಗಳಲ್ಲಿ ಇದೇ ವಯಸ್ಸಿಗೆ ಬೇರೆ ಬಗೆಯ ಸಿದ್ಧತೆ ನಡೆಯುತ್ತದೆ. ಪಿಂಚಣಿ ಹಣದ ಲೆಕ್ಕ ಹಾಕಿ, ದೇಹದ ಜೊತೆಗೆ ಹಲ್ಲಿನ ತಪಾಸಣೆಯನ್ನೂ ಮಾಡಿಸಿಕೊಂಡು, ಮನೆಯ ಬೀಗದ ಕೈಯನ್ನು ಮಕ್ಕಳಿಗೆ ಒಪ್ಪಿಸಿ ಗಂಡ ಹೆಂಡತಿ ಇಬ್ಬರೂ ಒಂದೋ ಒಂದೂವರೆಯೋ ವರ್ಷಕ್ಕೆಂದು ದೂರದ ಊರಿಗೆ ಹೊರಡುತ್ತಾರೆ. ಅಲ್ಲಿ ಅವರಿಗೆ ಸಂಬಳವಿಲ್ಲ. ಬಾಡಿಗೆ, ಊಟದ ಖರ್ಚನ್ನೂ ಅವರೇ ನೋಡಿಕೊಳ್ಳಬೇಕು.

ಇವರು ಜನ ಸಾಮಾನ್ಯವಾಗಿ ‘ಮಾರ್ಮನ್’ ಎಂದು ಕರೆಯುವ ಕ್ರೈಸ್ತ ಪಂಥದವರು. ಪಂಥದ ಪೂರ್ಣ ಹೆಸರು ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’. ಹಳೆಯ ಅಡ್ಡಹೆಸರನ್ನು ಬಿಟ್ಟು ಈ ಪೂರ್ಣ ಹೆಸರನ್ನೇ ಬಳಸಬೇಕೆಂದು 2018ರಿಂದ ಅದರ ಮುಖಂಡರು ಒತ್ತಿ ಹೇಳುತ್ತಿದ್ದಾರೆ. 1830ರಲ್ಲಿ ಜೋಸೆಫ್ ಸ್ಮಿತ್ ನ್ಯೂಯಾರ್ಕ್ ರಾಜ್ಯದಲ್ಲಿ ಇದನ್ನು ಸ್ಥಾಪಿಸಿದರು. ಬಿಳಿ ಅಂಗಿ, ಟೈ ತೊಟ್ಟು ಇಬ್ಬಿಬ್ಬರಾಗಿ ಬೀದಿ ಸುತ್ತುವ ಈ ಪಂಥದ ಯುವಕರನ್ನು ಜಗತ್ತು ಬಲ್ಲದು. ಅವರ ಹಿಂದೆ ಸದ್ದಿಲ್ಲದೆ ದುಡಿಯುವ ಹಿರಿಯ ದಂಪತಿಗಳು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ.

ಹಿರಿಯ ದಂಪತಿಗಳು ಜೊತೆಯಾಗಿ ಹೊರಡುವುದು ಇಂದು ಸಹಜವೆನಿಸಬಹುದು. ಆದರೆ ಈ ಪಂಥದ ಮೊದಲ ದಶಕಗಳ ಕಥೆಯೇ ಬೇರೆ. ಆಗ ಪ್ರಚಾರಕ್ಕೆ ಹೋಗುತ್ತಿದ್ದವರು ಹೆಚ್ಚಾಗಿ ಮದುವೆಯಾದ ಗಂಡಸರು. ಮುಖಂಡರಿಂದ ಕರೆ ಬಂದರೆ ಹೊಲ, ಅಂಗಡಿ, ಹೆಂಡತಿ, ಮಕ್ಕಳನ್ನು ಬಿಟ್ಟು ಹೊರಡಬೇಕಿತ್ತು. ಹಿಂದೆ ಉಳಿದವಳ ಪಾಡೇನು ಎಂಬ ಪ್ರಶ್ನೆಗೆ ಲೂಯಿಸಾ ಬಾರ್ನ್ಸ್ ಪ್ರಾಟ್ ಎಂಬಾಕೆಯ ಬದುಕೇ ಉತ್ತರ.

1843ರಲ್ಲಿ ಲೂಯಿಸಾಳ ಗಂಡ ಆಡಿಸನ್ ಪ್ರಾಟ್‌ಗೆ ಪೆಸಿಫಿಕ್ ಸಾಗರದ ದ್ವೀಪಗಳಿಗೆ ಹೋಗುವಂತೆ ಕರೆ ಬಂತು. ಇಲಿನಾಯ್ ರಾಜ್ಯದ ನಾವೂ ಪಟ್ಟಣದಲ್ಲಿ ಲೂಯಿಸಾ ನಾಲ್ಕು ಹೆಣ್ಣುಮಕ್ಕಳೊಂದಿಗೆ ಉಳಿದಳು. ಮುಂದೆ ಪಂಥದ ಮೇಲೆ ದಾಳಿಗಳಾಗಿ 1846ರಲ್ಲಿ ಎಲ್ಲರೂ ಆ ಊರನ್ನೇ ತೊರೆಯಬೇಕಾಯಿತು. ಗಂಡ ಸಾಗರದಾಚೆ ಇದ್ದಾಗ ಈಕೆ ಬಂಡಿ ಹೂಡಿಸಿಕೊಂಡು ಹೊರಟಳು. ದಾರಿಯ ಬೀಡೊಂದರಲ್ಲಿ ಹುಲ್ಲುಹೆಂಟೆಗಳಿಂದ ಕಟ್ಟಿದ ಗುಹೆಯಂಥ ಗೂಡಿನಲ್ಲಿ ಚಳಿಗಾಲ ಕಳೆದಳು. ಆಮೇಲೆ ಸಾವಿರ ಮೈಲಿಗೂ ಹೆಚ್ಚಿನ ಬಯಲು ದಾಟಿ 1848ರಲ್ಲಿ ಸಾಲ್ಟ್ ಲೇಕ್ ಕಣಿವೆ ಮುಟ್ಟಿದಳು. ಗಂಡ ಆಕೆಯನ್ನು ಮತ್ತೆ ಕಂಡದ್ದು ಅಲ್ಲಿಯೇ, ಐದು ವರ್ಷಗಳ ನಂತರ.

ಮರುವರ್ಷವೇ ಆಡಿಸನ್‌ಗೆ ಅದೇ ದ್ವೀಪಗಳಿಗೆ ಮತ್ತೆ ಕರೆ ಬಂತು. ಈ ಸಲ ಲೂಯಿಸಾ ಮನೆಯಲ್ಲಿ ಉಳಿಯಲಿಲ್ಲ. 1850ರಲ್ಲಿ, ನಲವತ್ತೇಳರ ಪ್ರಾಯದಲ್ಲಿ, ನಾಲ್ವರು ಮಕ್ಕಳನ್ನೂ ತಂಗಿ ಕ್ಯಾರೊಲಿನ್ ಕ್ರಾಸ್ಬಿಯ ಕುಟುಂಬವನ್ನೂ ಜೊತೆಗೆ ಕರೆದುಕೊಂಡು ಟುಬುವಾಯ್ ದ್ವೀಪಕ್ಕೆ ಬಂದಿಳಿದಳು. ವಿಪರ್ಯಾಸವೆಂದರೆ ಆ ಹೊತ್ತಿಗೆ ಗಂಡ ಅಲ್ಲಿರಲಿಲ್ಲ. ಫ್ರೆಂಚ್ ಅಧಿಕಾರಿಗಳು ಆತನನ್ನು ತಾಹಿತಿಯಲ್ಲಿ ತಡೆದಿಟ್ಟಿದ್ದರು. ಆತ ಬಂದು ಸೇರಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಲೂಯಿಸಾ ದ್ವೀಪದ ಹೆಂಗಸರು, ಮಕ್ಕಳಿಗೆ ಪಾಠ ಹೇಳಿಕೊಟ್ಟಳು. ಫ್ರೆಂಚ್ ಆಡಳಿತದ ನಿರ್ಬಂಧ ಬಿಗಿಯಾದಾಗ, 1852ರಲ್ಲಿ ಎಲ್ಲರೂ ಮರಳಿದರು. ಇಷ್ಟೆಲ್ಲ ಆದ ಮೇಲೂ ದಾಂಪತ್ಯ ಕೂಡಿಬರಲಿಲ್ಲ. 1850ರ ದಶಕದ ಕೊನೆಗೆ ಆಕೆ ಯೂಟಾಕ್ಕೆ ಹಿಂತಿರುಗಿದಳು, ಆತ ಬಹುಪಾಲು ಕ್ಯಾಲಿಫೋರ್ನಿಯಾದಲ್ಲೇ ಉಳಿದ.

ಇದೇ ಕಾಲಕ್ಕೆ ಭಾರತಕ್ಕೂ ಈ ಪಂಥದವರು ಬಂದಿದ್ದರು. 1851ರಲ್ಲಿ ಕಲ್ಕತ್ತೆಗೆ ಮೊದಲ ಪ್ರಚಾರಕ ಬಂದ. 1853ರಲ್ಲಿ ಯೂಟಾದಿಂದ ಇನ್ನೊಂದು ತಂಡ ಅಲ್ಲಿಗೇ ಬಂದಿಳಿಯಿತು. ಎಲ್ಲರೂ ಹೆಂಡತಿಯರ ಜೊತೆಯಿಲ್ಲದೆ ಬಂದ ಗಂಡಸರು. ಪ್ರಯತ್ನ ಫಲಿಸದೆ ಕೆಲವೇ ವರ್ಷಗಳಲ್ಲಿ ಅವರು ಹಿಂತಿರುಗಿದರು.

ಮದುವೆಯಾಗದ ಹೆಣ್ಣುಮಕ್ಕಳನ್ನು ಅಧಿಕೃತವಾಗಿ ಪ್ರಚಾರಕ್ಕೆ ನೇಮಿಸಿದ್ದು 1898ರಲ್ಲಿ. ನಿವೃತ್ತ ದಂಪತಿಗಳ ಸೇವೆ ಒಂದು ವ್ಯವಸ್ಥೆಯಾಗಿ ಬೆಳೆದದ್ದು ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ. ಇದರ ಕಾರಣವನ್ನು ಧರ್ಮಗ್ರಂಥದಲ್ಲಷ್ಟೇ ಹುಡುಕಿದರೆ ಸಾಲದು. ಅಮೆರಿಕದಲ್ಲಿ 1935ರ ಸಾಮಾಜಿಕ ಭದ್ರತಾ ಕಾಯಿದೆಯ ನಂತರ ವೃದ್ಧಾಪ್ಯಕ್ಕೆ ತಿಂಗಳ ಆದಾಯವೊಂದು ದೊರೆಯತೊಡಗಿತು. ಆಯುಸ್ಸು ಹೆಚ್ಚಿತು. ವಿಮಾನ ಬಂದು ತಿಂಗಳುಗಳ ಹಡಗಿನ ದಾರಿ ಗಂಟೆಗಳಿಗೆ ಇಳಿಯಿತು. ಕೈಯಲ್ಲಿ ಹಣ, ಮೈಯಲ್ಲಿ ಶಕ್ತಿ, ಮುಂದೆ ಬೇಕಾದಷ್ಟು ಬಿಡುವು ಮೂರೂ ಇರುವ ಹಿರಿಯರ ದೊಡ್ಡ ವರ್ಗವೊಂದು ಚರಿತ್ರೆಯಲ್ಲಿ ಹೊಸದಾಗಿ ಹುಟ್ಟಿಕೊಂಡಿತು. ಚರ್ಚ್ ಅವರನ್ನು ಕೆಲಸಕ್ಕೆ ಕರೆಯಿತು.

ಈ ದಂಪತಿಗಳ ದಿನಚರಿ ಹೇಗಿರುತ್ತದೆ? ಯುವಕರಿಗಿರುವಷ್ಟು ಕಟ್ಟುನಿಟ್ಟಿನ ವೇಳಾಪಟ್ಟಿ ಇವರಿಗಿಲ್ಲ. ಬೆಳಿಗ್ಗೆ ಎದ್ದು ಇಬ್ಬರೂ ಕೂತು ಧರ್ಮಗ್ರಂಥ ಓದಿ ಪ್ರಾರ್ಥಿಸುತ್ತಾರೆ. ನಮ್ಮವರಿಗೆ ಸೋಜಿಗವೆನಿಸುವ ಸಂಗತಿಯೆಂದರೆ ಆಮೇಲೆ ಕಾಫಿ ಇಲ್ಲ, ಚಹಾವೂ ಇಲ್ಲ. 1833ರಿಂದ ಬಂದ ಬೋಧನೆಯೊಂದರ ಪ್ರಕಾರ ಮದ್ಯ, ತಂಬಾಕಿನ ಜೊತೆಗೆ ಇವೆರಡೂ ಅವರಿಗೆ ವರ್ಜ್ಯ. ತಿಂಡಿ ಮುಗಿಸಿ, ಎದೆಗೆ ಹೆಸರಿನ ಕಪ್ಪು ಬಿಲ್ಲೆ ಸಿಕ್ಕಿಸಿಕೊಂಡು ಕೆಲಸಕ್ಕೆ ಹೊರಡುತ್ತಾರೆ.

ಈ ಕೆಲಸದ ಬಹುಭಾಗ ಧರ್ಮೋಪದೇಶವಲ್ಲ, ಗೃಹಕೃತ್ಯದ ವಿಸ್ತರಣೆ. ಕಚೇರಿಗೆ ನೇಮಕವಾದವರು ಟಪಾಲು ವಿಂಗಡಿಸುತ್ತಾರೆ, ಲೆಕ್ಕಪತ್ರ ಬರೆಯುತ್ತಾರೆ, ವೀಸಾ ಕಾಗದಗಳನ್ನು ಸರಿಪಡಿಸುತ್ತಾರೆ. ಯುವ ಪ್ರಚಾರಕರಿಗೆ ಬಾಡಿಗೆ ಮನೆ ಹುಡುಕಿ ಮಾಲೀಕರೊಡನೆ ಕರಾರು ಮಾಡಿಕೊಳ್ಳುವುದೂ, ಆ ಹುಡುಗರು ಮನೆಯನ್ನು ಚೊಕ್ಕಟವಾಗಿ ಇಟ್ಟಿದ್ದಾರೆಯೇ ಎಂದು ನೋಡಿಬರುವುದೂ ಇವರ ಪಾಲಿಗೆ ಬರುತ್ತದೆ. ಹತ್ತೊಂಬತ್ತರ ಹುಡುಗನೊಬ್ಬ ಪರದೇಶದಲ್ಲಿ ಜ್ವರ ಬಂದು ಮಲಗಿದರೆ, ಮನೆಯ ನೆನಪಾಗಿ ಕಂಗಾಲಾದರೆ, ಬಾಗಿಲು ತಟ್ಟಿ ವಿಚಾರಿಸಿಕೊಳ್ಳುವವರೂ ಇಂಥವರೇ. ಯುವ ಪ್ರಚಾರಕರಿಗೆ ವಾರಕ್ಕೊಮ್ಮೆ ಮನೆಗೆ ಫೋನು ಮಾಡುವ ಅವಕಾಶ ಸಿಕ್ಕಿದ್ದು 2019ರಲ್ಲಿ. ಅದಕ್ಕೂ ಮುಂಚೆ ವರ್ಷಕ್ಕೆ ಎರಡೇ ಸಲ ಮನೆಯವರ ದನಿ ಕೇಳುತ್ತಿದ್ದ ಆ ಹುಡುಗರಿಗೆ ಈ ಹಿರಿಯರೇ ಅಜ್ಜ ಅಜ್ಜಿಯರಾಗಿದ್ದರೆ ಅಚ್ಚರಿಯಿಲ್ಲ.

ಇನ್ನು ಕೆಲವು ಜೋಡಿಗಳ ದಿನವೆಲ್ಲ ಹಳೆಯ ದಾಖಲೆಗಳ ನಡುವೆ ಕಳೆಯುತ್ತದೆ. ಜನನ, ವಿವಾಹ, ಮರಣದ ದಾಖಲೆಪುಸ್ತಕಗಳ ಒಂದೊಂದೇ ಪುಟವನ್ನು ಕ್ಯಾಮೆರಾದ ಕೆಳಗೆ ಇಟ್ಟು ಚಿತ್ರ ತೆಗೆಯುವುದು ಅವರ ಕೆಲಸ. ಗತಿಸಿದ ಪೂರ್ವಜರ ಪರವಾಗಿಯೂ ದೀಕ್ಷಾಸ್ನಾನ ನಡೆಸಬಹುದೆಂಬುದು ಈ ಪಂಥದ ನಂಬಿಕೆ. ಅದಕ್ಕೆ ಪೂರ್ವಜರ ಹೆಸರು ಬೇಕು. ಈ ಅಗತ್ಯದಿಂದಲೇ 1894ರಲ್ಲಿ ಯೂಟಾದಲ್ಲಿ ವಂಶಾವಳಿ ಸಂಘವೊಂದು ಹುಟ್ಟಿತು, 1938ರಲ್ಲಿ ಅದು ದಾಖಲೆಗಳ ಮೈಕ್ರೋಫಿಲ್ಮ್ ತೆಗೆಯಲು ತೊಡಗಿತು. ನಮ್ಮ ಹೆಳವರು ನೆನಪಿನಲ್ಲೂ ಕಡತದಲ್ಲೂ ಕಾಪಾಡಿಕೊಂಡು ಬಂದ ವಂಶಾವಳಿಯ ಕೆಲಸವನ್ನು ಅಲ್ಲಿ ಯಂತ್ರದ ನೆರವಿನಿಂದ ಜಗತ್ತಿನ ಮಟ್ಟಕ್ಕೆ ಒಯ್ದಿದ್ದಾರೆ. ಆ ಪಂಥಕ್ಕೆ ಸೇರದ ಸಂಶೋಧಕರಿಗೂ ಈ ದಾಖಲೆಗಳು ಇಂದು ಉಪಯೋಗಕ್ಕೆ ಬರುತ್ತಿವೆ.

ಭಾರತಕ್ಕೆ ಈ ಪಂಥ ಮತ್ತೆ ಕಾಲಿಟ್ಟ ಚರಿತ್ರೆಯಲ್ಲಿ ದಂಪತಿಗಳ ಪಾತ್ರ ಗಮನಾರ್ಹ. ಸಮೋವಾದಲ್ಲಿ ಕೀಟವಿಜ್ಞಾನಿಯಾಗಿದ್ದ ಭಾರತೀಯ ಎಡ್ವಿನ್ ಧರ್ಮರಾಜು ಮತ್ತು ಪತ್ನಿ ಎಲ್ಸಿ ಅಲ್ಲಿಯೇ ಪಂಥಕ್ಕೆ ಸೇರಿದ್ದರು. 1978ರ ಡಿಸೆಂಬರ್‌ನಲ್ಲಿ ಇಬ್ಬರೂ ಅಲ್ಪಾವಧಿಯ ಪ್ರಚಾರಕರಾಗಿ ಹೈದರಾಬಾದಿಗೆ ಬಂದರು. ಅವರ ಬಂಧುವರ್ಗದ 22 ಮಂದಿ ದೀಕ್ಷೆ ಪಡೆದರು. 1993ರಲ್ಲಿ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಪ್ರತ್ಯೇಕ ಮಿಷನ್ ರಚನೆಯಾಯಿತು. ಅದರ ಮೊದಲ ಅಧ್ಯಕ್ಷರು ಪಂಜಾಬ್ ಮೂಲದ ಗುರ್‌ಚರಣ್ ಸಿಂಗ್ ಗಿಲ್. ಮಿಷನ್‌ನ ಅಧ್ಯಕ್ಷರಾಗುವವರು ಪತ್ನಿಯೊಡನೆ ಬಂದು ಸುಮಾರು ಮೂರು ವರ್ಷ ಅಲ್ಲಿಯೇ ನೆಲೆಸುವುದು ವಾಡಿಕೆ. ಬೆಂಗಳೂರಿನಲ್ಲಿ ದೇವಾಲಯ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಘೋಷಣೆಯಾಗಿ, 2020ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆ ನಡೆಯಿತು.

ಮತಪ್ರಚಾರದ ಬಗ್ಗೆ ನಮ್ಮಲ್ಲಿ ತೀವ್ರ ಭಿನ್ನಾಭಿಪ್ರಾಯಗಳಿವೆ. ಸೇವೆಗೂ ಮತಾಂತರದ ಉದ್ದೇಶಕ್ಕೂ ನಡುವೆ ಗೆರೆ ಎಲ್ಲಿ ಎಂದು ಕೇಳುವವರಿದ್ದಾರೆ. ನಂಬಿಕೆಯನ್ನು ಹಂಚಿಕೊಳ್ಳುವುದು ಹಕ್ಕು ಎನ್ನುವವರೂ ಇದ್ದಾರೆ. ಲೆಕ್ಕಪತ್ರ ಬರೆಯುವ ವೃದ್ಧ ದಂಪತಿಗಳೂ ಕೊನೆಗೆ ಆ ಪ್ರಚಾರ ವ್ಯವಸ್ಥೆಯ ಒಂದು ಅಂಗವೇ ಎಂಬುದನ್ನು ಮರೆಯುವಂತಿಲ್ಲ.

ಈ ಸೇವೆಗೆ ತೆರಬೇಕಾದ ಬೆಲೆಯೂ ಚಿಕ್ಕದಲ್ಲ. ಅಪ್ಪ ಅಮ್ಮ ಊರಲ್ಲಿಲ್ಲದಾಗ ಮೊಮ್ಮಗು ಹುಟ್ಟುತ್ತದೆ. ಮನೆಯಲ್ಲಿ ತೊಂಬತ್ತರ ತಾಯಿಯಿದ್ದರೆ ಹೊರಡುವುದು ಹೇಗೆ? ಖರ್ಚು ಭರಿಸಲಾರದವರ ಗತಿಯೇನು? ಇಂಥ ಅಳುಕು ಎಷ್ಟು ಜನರನ್ನು ಹಿಂದೆ ಎಳೆಯುತ್ತಿತ್ತೋ, 2011ರಲ್ಲಿ ಚರ್ಚ್ ನಿಯಮಗಳನ್ನೇ ಸಡಿಲಿಸಬೇಕಾಯಿತು. ಆರು ತಿಂಗಳ ಸೇವೆಗೂ ಅವಕಾಶ ದೊರೆಯಿತು. ದಂಪತಿಗಳು ಮನೆಬಾಡಿಗೆಗೆ ತೆರಬೇಕಾದ ಮೊತ್ತಕ್ಕೆ ತಿಂಗಳಿಗೆ 1,400 ಡಾಲರುಗಳ ಮಿತಿ ಹಾಕಿ, ಅದಕ್ಕೂ ಮೇಲ್ಪಟ್ಟದ್ದನ್ನು ಚರ್ಚೇ ಭರಿಸತೊಡಗಿತು.

ನಮ್ಮ ವಾನಪ್ರಸ್ಥದ ಕಲ್ಪನೆಯಲ್ಲಿಯೂ ಗಂಡನೊಡನೆ ಹೆಂಡತಿ ಕಾಡಿಗೆ ಹೋಗಬಹುದು. ಅದು ಸಂಸಾರದಿಂದ ಕಳಚಿಕೊಳ್ಳುವ ದಾರಿ. ಯೂಟಾದ ಜೋಡಿಗಳದು ಇನ್ನೊಂದು ಊರಿನಲ್ಲಿ ಇನ್ನೊಂದು ಸಂಸಾರ ಹೂಡುವ ದಾರಿ. ನಲವತ್ತು ವರ್ಷ ಮನೆ ನಡೆಸಿದವರ ಜಾಣತನವನ್ನು ಒಂದು ಸಂಸ್ಥೆ ಕೊನೆಗೂ ಗುರುತಿಸಿತು ಎನ್ನಬೇಕು. ಅದಕ್ಕೂ ಮೊದಲು, ಗಂಡನನ್ನು ಸಾಗರದಾಚೆ ಕಳಿಸಿ ತಾನೇ ಬಂಡಿ ಹೂಡಿಸಿಕೊಂಡು ಹೊರಟ ಲೂಯಿಸಾಳಂಥ ಹೆಂಗಸರು ಯಾರ ಲೆಕ್ಕದಲ್ಲೂ ಸೇರದ ಸೇವೆಯನ್ನು ಮಾಡಿ ಮುಗಿಸಿದ್ದರು.