ಕೃಷ್ಣ ಕುಮಾರ್ ಯಾರು? ಪಠ್ಯಪುಸ್ತಕದ ಜಗಳಕ್ಕೂ ಅವರಿಗೂ ಏನು ಸಂಬಂಧ?

2022ರಲ್ಲಿ ಕರ್ನಾಟಕದಲ್ಲಿ ಪಠ್ಯ ಪರಿಷ್ಕರಣೆಯ ಗಲಾಟೆ ಜೋರಾಗಿದ್ದಾಗ ನಾನೂ ದಿನಕ್ಕೆರಡು ಪೋಸ್ಟ್ ಹಾಕ್ತಿದ್ದೆ. ಯಾವ ಪಾಠ ಹೋಯ್ತು, ಯಾವುದು ಬಂತು ಅನ್ನೋದಷ್ಟೇ ತಲೆಯಲ್ಲಿತ್ತು. ಒಂದು ಪುಸ್ತಕಕ್ಕೆ ಇಷ್ಟೊಂದು ಅಧಿಕಾರ ಬಂದಿದ್ದಾದರೂ ಎಲ್ಲಿಂದ ಅನ್ನೋ ಪ್ರಶ್ನೆ ಹೊಳೆದದ್ದು ಕೃಷ್ಣ ಕುಮಾರ್ ಅವರನ್ನು ಓದಿದ ಮೇಲೆ.

1951ರಲ್ಲಿ ಹುಟ್ಟಿದ ಕೃಷ್ಣ ಕುಮಾರ್, ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದವರು. ದೆಹಲಿ ವಿಶ್ವವಿದ್ಯಾಲಯದಲ್ಲಿ ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಹಿಂದಿ, ಇಂಗ್ಲಿಷ್ ಎರಡರಲ್ಲೂ ಬರೆಯುತ್ತಾರೆ. 2011ರಲ್ಲಿ ಪದ್ಮಶ್ರೀ ಬಂತು.

ಅವರ ಮುಖ್ಯ ವಾದ 1991ರ 'ಪೊಲಿಟಿಕಲ್ ಅಜೆಂಡಾ ಆಫ್ ಎಜುಕೇಶನ್' ಪುಸ್ತಕದಲ್ಲಿದೆ. ಬ್ರಿಟಿಷ್ ಆಡಳಿತ ಪಠ್ಯ ಮತ್ತು ಪರೀಕ್ಷೆ ಎರಡನ್ನೂ ತನ್ನ ಕೈಯಲ್ಲಿಟ್ಟುಕೊಂಡಿತು. ಕಡಿಮೆ ಸಂಬಳದ ಮೇಷ್ಟ್ರಿಗೆ ಏನು ಕಲಿಸಬೇಕೆಂದು ತೀರ್ಮಾನಿಸುವ ಹಕ್ಕೇ ಇರಲಿಲ್ಲ. ಮಕ್ಕಳ ಮುಂದೆ ಸರ್ವಾಧಿಕಾರಿ, ಇನ್‌ಸ್ಪೆಕ್ಟರ್ ಮುಂದೆ ಬಡಪಾಯಿ! ಕೃಷ್ಣ ಕುಮಾರ್ ಇಂಥವರನ್ನು 'ದೀನ ಸರ್ವಾಧಿಕಾರಿ' ಎಂಬರ್ಥದಲ್ಲಿ ಕರೆಯುತ್ತಾರೆ. ಪಠ್ಯಪುಸ್ತಕವೇ ದೊರೆಯಾದದ್ದು ಹೀಗೆ. ಹಳೇ ಪ್ರಶ್ನೆಪತ್ರಿಕೆ ಉರು ಹೊಡೆದೇ ಎಂಜಿನಿಯರಿಂಗ್ ಪಾಸಾದ ನನಗೆ ಇದು ಇತಿಹಾಸ ಅಂತ ಅನ್ನಿಸಲೇ ಇಲ್ಲ.

2001ರ 'ಪ್ರೆಜುಡಿಸ್ ಅಂಡ್ ಪ್ರೈಡ್'ನಲ್ಲಿ ಅವರು ಭಾರತ ಮತ್ತು ಪಾಕಿಸ್ತಾನದ ಶಾಲಾ ಇತಿಹಾಸ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದುತ್ತಾರೆ. ಅದೇ ಸ್ವಾತಂತ್ರ್ಯ ಹೋರಾಟ, ಆದರೆ ಎರಡು ಬೇರೆ ಕಥೆ. ವಿಭಜನೆ ನಮ್ಮಲ್ಲಿ ದುರಂತ, ಅಲ್ಲಿ ಸಾಧನೆ.

2004ರಿಂದ 2010ರವರೆಗೆ ಅವರು ಎನ್‌ಸಿಇಆರ್‌ಟಿ ನಿರ್ದೇಶಕರು. ಅಂದರೆ ಪಠ್ಯಪುಸ್ತಕದ ಯಜಮಾನಿಕೆಯನ್ನು ಟೀಕಿಸಿದವರೇ ದೇಶಕ್ಕೆ ಪಠ್ಯಪುಸ್ತಕ ಮಾಡಿಕೊಡುವ ಕುರ್ಚಿಯಲ್ಲಿ ಕೂತರು. ವಿಜ್ಞಾನಿ ಯಶ್ ಪಾಲ್ ಅಧ್ಯಕ್ಷತೆಯಲ್ಲಿ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂತು: ಬಾಯಿಪಾಠ ಬಿಡಿ, ಶಾಲೆಯ ಹೊರಗಿನ ಬದುಕಿಗೆ ಕಲಿಕೆಯನ್ನು ಜೋಡಿಸಿ. ರಾಜ್ಯಶಾಸ್ತ್ರದ ಪುಸ್ತಕಗಳಿಗೆ ವ್ಯಂಗ್ಯಚಿತ್ರಗಳು ಬಂದವು, ಮಕ್ಕಳು ಪ್ರಶ್ನೆ ಕೇಳಲಿ ಅಂತ.

ಮುಂದೇನಾಯ್ತು? 2012ರಲ್ಲಿ ಅಂಬೇಡ್ಕರ್ ಕುರಿತ ಒಂದು ವ್ಯಂಗ್ಯಚಿತ್ರದ ಬಗ್ಗೆ ಸಂಸತ್ತಿನಲ್ಲೇ ಗದ್ದಲವಾಯಿತು. 2022ರಲ್ಲಿ 12ನೇ ತರಗತಿಯ ರಾಜ್ಯಶಾಸ್ತ್ರ ಪುಸ್ತಕದಿಂದ ಗುಜರಾತ್ ಗಲಭೆಯ ಪುಟಗಳೇ ಹೋದವು. ಒಳ್ಳೆಯ ಪುಸ್ತಕ ಮಾಡಿದರೂ, ಕೀಲಿಕೈ ಸರ್ಕಾರದ ಬಳಿಯೇ ಉಳಿದಿತ್ತು. ನನ್ನ ಪ್ರಕಾರ ಇದು ಅವರ ವಾದದ ಸೋಲಲ್ಲ, ಪುರಾವೆ.

ಹಾಗಂತ ಪಠ್ಯದಲ್ಲಿ ಏನಿದೆ ಅನ್ನೋ ಜಗಳ ಬಿಡಬೇಕಿಲ್ಲ. ಮುಂದಿನ ಸಲ ಸರ್ಕಾರ ಬದಲಾಗಿ ಪಾಠಗಳೂ ಬದಲಾದಾಗ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ ಕೇಳೋಣ: ಪುಸ್ತಕ ಮುಚ್ಚಿಟ್ಟು ಪಾಠ ಮಾಡೋ ಸ್ವಾತಂತ್ರ್ಯ ನಮ್ಮ ಮೇಷ್ಟ್ರಿಗೆ ಇದೆಯಾ?