ಬಿಟ್ಟುಕೊಟ್ಟ ತೆರಿಗೆ, ಎದ್ದುನಿಂತ ಮನೆ

ಊರೊಂದನ್ನು ನೆಲೆಗೊಳಿಸಲು ಬೊಕ್ಕಸದಿಂದ ಹಣ ಹಂಚುವ ಬದಲು ಬೊಕ್ಕಸಕ್ಕೆ ಸಲ್ಲಬೇಕಾದ ತೆರಿಗೆಯನ್ನೇ ಬಿಟ್ಟುಕೊಡುವ ಪದ್ಧತಿ, ಹೊಯ್ಸಳರ ಕಾಲದಲ್ಲಿ ಬೇಲೂರು, ಹಳೇಬೀಡು, ಅರಸೀಕೆರೆಯ ಸೀಮೆಯಲ್ಲಿ ಆಳವಾಗಿ ಬೇರೂರಿತ್ತು. ಭೂಮಿಗೆ ಗೊತ್ತುಪಡಿಸಿದ ಕಂದಾಯವಾದ ಸಿದ್ಧಾಯ, ಮನೆಯ ಮೇಲಿನ ಮನೆದೆರೆ, ಮಗ್ಗ ಮತ್ತು ಗಾಣಗಳ ಮೇಲಿನ ತೆರೆಗಳು, ಸರಕಿನ ಸುಂಕ ಮೊದಲಾದ ಬಾಬುಗಳ ಆದಾಯವನ್ನು ಅರಸನು ಧಾರೆಯೆರೆದು ಕೊಟ್ಟಾಗ, ಆ ಆದಾಯವೇ ಹೊಸ ನೆಲೆಗೆ ಮೂಲಧನವಾಗುತ್ತಿತ್ತು.

ಇದರ ಪಕ್ವವಾದ ರೂಪವೆಂದರೆ ವಿದ್ವಾಂಸ ಬ್ರಾಹ್ಮಣರ ವಸತಿಗೆಂದು ಏರ್ಪಟ್ಟ ಅಗ್ರಹಾರ. ಊರಿನ ಆದಾಯವನ್ನು ವೃತ್ತಿಗಳೆಂಬ ಪಾಲುಗಳಾಗಿ ವಿಂಗಡಿಸಿ ಕುಟುಂಬಗಳಿಗೆ ಹಂಚಲಾಗುತ್ತಿತ್ತು. ಮನೆಯ ನಿವೇಶನವೂ ಗದ್ದೆ ತೋಟಗಳೂ ಆ ಪಾಲಿಗೆ ಹೊಂದಿಕೊಂಡೇ ಬರುತ್ತಿದ್ದುದರಿಂದ, ಮನೆ ಕಟ್ಟಿಕೊಂಡವನಿಗೆ ಅದರಲ್ಲಿ ಬಾಳುವ ಆಧಾರವೂ ಜೊತೆಗೇ ದೊರೆಯುತ್ತಿತ್ತು. ಪಾಲುದಾರರ ಸಭೆಯಾದ ಮಹಾಜನರು ಊರಿನ ಆಡಳಿತವನ್ನು ನಡೆಸುತ್ತಿದ್ದರು. ವಿನಾಯಿತಿ ಎಲ್ಲೆಡೆಯೂ ಪೂರ್ಣವಾಗಿರುತ್ತಿರಲಿಲ್ಲ. ಗೊತ್ತಾದ ಸಿದ್ಧಾಯವನ್ನು ಅರಮನೆಗೆ ತಪ್ಪದೆ ಸಲ್ಲಿಸಬೇಕಾಗಿದ್ದ ಅಗ್ರಹಾರಗಳೂ ಇದ್ದವು. ಶಾಸನಗಳಲ್ಲಿ ಬಲ್ಲಾಳಪುರವೆಂದೂ ಕರೆಯಲಾದ ಅರಸೀಕೆರೆಯೂ ಒಂದು ಅಗ್ರಹಾರವಾಗಿತ್ತು. ಅಗ್ರಹಾರಗಳಂತೆ ದೇಗುಲಗಳಿಗೂ ದತ್ತಿಗಳು ಸಲ್ಲುತ್ತಿದ್ದವು. ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯಲ್ಲಿ ಪೆದ್ದಣ್ಣ ಹೆಗ್ಗಡೆ, ಸೋವಣ್ಣ ಮತ್ತು ಕೇಶಣ್ಣ ಎಂಬ ಸೋದರರು 1235ರ ಸುಮಾರಿಗೆ ಕಟ್ಟಿಸಿದ ಚೆನ್ನಕೇಶವ ಮತ್ತು ಸೋಮೇಶ್ವರ ದೇಗುಲಗಳು ಇಂದಿಗೂ ನಿಂತಿವೆ. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಪ್ರತಿಷ್ಠಾಪಿಸಿದ ದೇವರಿಗಾಗಲಿ, ದೋರಸಮುದ್ರವೆಂಬ ರಾಜಧಾನಿಯಾಗಿದ್ದ ಹಳೇಬೀಡಿನ ದೇಗುಲಗಳಿಗಾಗಲಿ ಬಂದ ದತ್ತಿಗಳಿಂದ ಅರ್ಚಕರು, ಪರಿಚಾರಕರು, ವಾದ್ಯಗಾರರು ಜೀವನ ಸಾಗಿಸುತ್ತಿದ್ದರು.

ಈ ಪದ್ಧತಿಯ ಕೈ ಎಷ್ಟು ದೂರ ಚಾಚಿತ್ತೆಂಬುದನ್ನು ಬೇಲೂರಿನ ಶಾಸನಗಳ ಸಾಲಿಗೆ ಸೇರಿದ 1279ರ ದಾಖಲೆಯೊಂದು ತೋರಿಸುತ್ತದೆ. ಮೂರನೆಯ ನರಸಿಂಹನು ವರ್ಷಕ್ಕೆ 645 ನಿಷ್ಕಗಳ, ಎಂದರೆ ಚಿನ್ನದ ನಾಣ್ಯಗಳ, ಆದಾಯವಿದ್ದ ಹೆಬ್ಬಾಳೆ ಗ್ರಾಮವನ್ನು ಬಿಟ್ಟುಕೊಟ್ಟುದು ತನ್ನ ನಾಡಿನ ಯಾವ ಊರಿಗೂ ಅಲ್ಲ, ಕಾಶಿಗೆ. ಅಲ್ಲಿ ನೆಲೆಸಿದ್ದ ಕರ್ನಾಟಕ, ತೆಲುಂಗ, ತುಳು, ಮಲೆಯಾಳ, ಗೌಡ ಮೊದಲಾದ ನಾಡುಗಳವರು ಅಲ್ಲಿನ ಆಳರಸರಾದ ತುರುಷ್ಕರಿಗೆ ಕೊಡಬೇಕಾಗಿದ್ದ ತೆರಿಗೆಯನ್ನು ತುಂಬುವುದಕ್ಕೂ ವಿಶ್ವೇಶ್ವರನ ಸೇವೆಗೂ ಆ ಹಣ ಸಲ್ಲಬೇಕಾಗಿತ್ತು. ಒಂದು ಹಳ್ಳಿಯ ಕಂದಾಯವು ದೂರದ ಪರರಾಜ್ಯದಲ್ಲಿ ಭಾಷೆ ಬೇರೆಬೇರೆಯಾದ ಜನರ ನೆಲೆಯನ್ನು ಕಾಪಾಡಿತೆಂಬುದು ಮನಸ್ಸು ತುಂಬುವ ಸಂಗತಿ. ಆದರೆ ಆ 645 ನಿಷ್ಕಗಳನ್ನು ಹುಟ್ಟಿಸಿದವರು ಹೆಬ್ಬಾಳೆಯ ಒಕ್ಕಲುಗಳು; ಅರಸನು ಬಿಟ್ಟರೂ ಅವರ ಪಾಲಿಗೆ ತೆರೆ ತಪ್ಪಲಿಲ್ಲ, ಅದನ್ನು ಪಡೆಯುವವರು ಮಾತ್ರ ಬದಲಾದರು. ಹೊಲ ಉಳುವವರಿಗೂ ಕಲ್ಲು ಹೊರುವವರಿಗೂ ಇಂಥ ವಸತಿಯಲ್ಲಿ ವೃತ್ತಿಯಿರಲಿಲ್ಲವೆಂಬುದು ಅಗ್ರಹಾರದ ಇತಿಹಾಸದಲ್ಲಿ ಮರೆಯಬಾರದ ಮಾತು.

ಮೈಸೂರು ರಾಜ್ಯದ 1954 ಮತ್ತು 1955ರ ಇನಾಂ ರದ್ದತಿ ಕಾಯಿದೆಗಳಿಂದ, ಮುಂದೆ ಇನಾಂ ಎನಿಸಿಕೊಂಡ ಈ ಬಗೆಯ ಹಕ್ಕುಗಳು ಕೊನೆಗೊಂಡವು. ಮುಂದೆ ದೇವರಾಜ ಅರಸರ ಕಾಲದ ಜನತಾ ಮನೆಗಳು, 1991–92ರ ಆಶ್ರಯ ಯೋಜನೆ, 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಇವೆಲ್ಲವೂ ಸಂಗ್ರಹಿಸಿದ ತೆರಿಗೆಯನ್ನೇ ಸಹಾಯಧನವಾಗಿ ಮನೆಯಿಲ್ಲದವರಿಗೆ ಮುಟ್ಟಿಸುವ ದಾರಿ ಹಿಡಿದವು. ತಳಪಾಯ, ಲಿಂಟಲ್, ಛಾವಣಿ ಎಂದು ಕೆಲಸ ಏರಿದಂತೆ ಕಂತು ಬಿಡುಗಡೆಯಾಗುವ ಕ್ರಮ ಇಂದು ಹಳ್ಳಿಹಳ್ಳಿಗೂ ಪರಿಚಿತ. ತೆರಿಗೆ ಬಿಡುವ ಹಳೆಯ ಉಪಾಯ ಬೇರೆ ದಿಕ್ಕಿನಿಂದ ಮರಳಿತು. ಅಮೆರಿಕದಲ್ಲಿ 1986ರ ತೆರಿಗೆ ಸುಧಾರಣಾ ಕಾಯಿದೆಯು, ಕಡಿಮೆ ಆದಾಯದವರಿಗೆ ಮಿತ ಬಾಡಿಗೆಯ ಮನೆಗಳನ್ನು ಕಟ್ಟಲು ಬಂಡವಾಳ ಹೂಡಿದವರಿಗೆ ತೆರಿಗೆಯಲ್ಲಿ ನೇರ ಕಡಿತ ನೀಡಿತು. ಭಾರತದಲ್ಲಿ 2016ರಲ್ಲಿ ಆದಾಯ ತೆರಿಗೆ ಕಾಯಿದೆಗೆ ಸೇರಿದ 80-ಐಬಿಎ ಕಲಮು, ಗೊತ್ತಾದ ಅಳತೆಯೊಳಗಿನ ಮನೆಗಳನ್ನು ಕಟ್ಟುವ ಯೋಜನೆಗಳ ಲಾಭಕ್ಕೆ ಪೂರ್ಣ ವಿನಾಯಿತಿ ಕೊಟ್ಟಿತು. ಲಾಭ ಹುಟ್ಟುವಷ್ಟು ದೊಡ್ಡ ಯೋಜನೆಗಳು ನಗರಗಳನ್ನೇ ಅರಸಿ ಹೋಗುವುದರಿಂದ, ಬೇಲೂರಿನಂಥ ಸಣ್ಣ ಊರಿನ ಬಡವನಿಗೆ ಸಹಾಯಧನವೇ ನಿಜವಾದ ಆಸರೆ.

ಕೈಬಿಟ್ಟ ಆದಾಯದ ತಖ್ತೆ ಈಗ ಕೇಂದ್ರ ಬಜೆಟ್ಟಿನೊಡನೆ ಇಡೀ ದೇಶದ ಮೊತ್ತವಾಗಿ ಪ್ರಕಟವಾಗುತ್ತದೆ. ಹೊಯ್ಸಳರ ದಾನಶಾಸನವಾದರೋ ಕೊಟ್ಟವರು ಯಾರು, ಪಡೆದವರು ಯಾರು, ಭೂಮಿಯ ಎಲ್ಲೆ ಯಾವುದು ಎಂಬುದನ್ನೆಲ್ಲ ಆಯಾ ಊರಿನ ನಡುವೆಯೇ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸುತ್ತಿತ್ತು. ವಿನಾಯಿತಿ ಪಡೆದು ಏಳುವ ಪ್ರತಿಯೊಂದು ಕಟ್ಟಡದ ಬಾಗಿಲಲ್ಲೂ ಅಷ್ಟು ವಿವರವನ್ನು ಕೇಳುವ ಹಕ್ಕು ಊರಿನವರಿಗೆ ಇರಬೇಕು.