ಗಾಣದ ಹಬೆ, ಕಾರ್ಖಾನೆಯ ಹಬೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಕಬ್ಬಿನ ಚರಿತ್ರೆಯನ್ನು ನೀರಾವರಿ, ಸಹಕಾರ, ಬೆಲೆಗಳ ಮೂಲಕವೇ ಹೇಳುವುದು ರೂಢಿ. ಅದನ್ನು ಶಾಖದ ಲೆಕ್ಕದಿಂದಲೂ ಓದಬೇಕು. ಕಬ್ಬಿನ ಹಾಲಿನಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ನೀರು. ಬೆಲ್ಲವಾಗಲಿ ಸಕ್ಕರೆಯಾಗಲಿ, ಮಾಡುವುದೆಂದರೆ ಬಹುಮಟ್ಟಿಗೆ ಆ ನೀರನ್ನು ಹೊರಗಟ್ಟುವುದು. ಒಂದು ಕಿಲೊ ನೀರನ್ನು ಸೊನ್ನೆ ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು 100 ಕಿಲೊಕ್ಯಾಲೊರಿ ಸಾಕು. ಕುದಿಯುವ ನೀರು ಆವಿಯಾಗಲು ಮತ್ತೆ ಸುಮಾರು 540 ಬೇಕು. ಬೆಲ್ಲ ಮಾಡುವ ಗಾಣದ ಕೊಪ್ಪರಿಗೆಗೆ ಮುಚ್ಚಳವಿಲ್ಲ. ಉಷ್ಣಗತಿ ವಿಜ್ಞಾನದ ಭಾಷೆಯಲ್ಲಿ ಅದೊಂದು ತೆರೆದ ವ್ಯವಸ್ಥೆ: ವಸ್ತುವೂ ಶಕ್ತಿಯೂ ಸುತ್ತಲಿನ ಪರಿಸರಕ್ಕೆ ದಾಟುತ್ತವೆ. ಮೇಲೇಳುವ ಹಬೆ ನೀರಿನ ಜೊತೆಗೆ ಆ 540ನ್ನೂ ಹೊತ್ತೊಯ್ಯುತ್ತದೆ. ಬಿಸಿ ಹೊಗೆ ಇನ್ನೊಂದಿಷ್ಟನ್ನು ಒಯ್ಯುತ್ತದೆ. ಹೀಗಾಗಿ ಅರೆದ ಕಬ್ಬಿನ ಸಿಪ್ಪೆಯೆಲ್ಲ ಒಲೆಗೇ ಬೇಕಾಗುತ್ತದೆ, ಕೆಲವೊಮ್ಮೆ ರವದಿಯೂ (ಕಬ್ಬಿನ ಒಣಗಿದ ಎಲೆ) ಸೇರುತ್ತದೆ.

1939ರಲ್ಲಿ ಸ್ಥಾಪನೆಯಾದ ಉಗಾರ ಸಕ್ಕರೆ ಕಾರ್ಖಾನೆ, ಆಮೇಲೆ ಬಂದ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಸಹಕಾರಿ ಕಾರ್ಖಾನೆಗಳು ಈ ಲೆಕ್ಕವನ್ನೇ ಬದಲಿಸಿದವು. ಹಬೆಯನ್ನೇ ಮತ್ತೆ ದುಡಿಸುವ ಸಕ್ಕರೆ ಕಾರ್ಖಾನೆಗಳ ವಿಧಾನದ ಮೂಲ ಅಮೆರಿಕದ ನಾರ್ಬರ್ಟ್ ರಿಲಿಯೊ 1843ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿದೆ. ಒತ್ತಡ ತಗ್ಗಿದರೆ ನೀರು ಕಡಿಮೆ ಉಷ್ಣಾಂಶದಲ್ಲೇ ಕುದಿಯುತ್ತದೆ. ಆದ್ದರಿಂದ ಪಾತ್ರೆಯಿಂದ ಪಾತ್ರೆಗೆ ಒತ್ತಡ ತಗ್ಗಿಸುತ್ತ ಹೋದರೆ ಮೊದಲ ಪಾತ್ರೆಯ ಹಬೆ ಎರಡನೆಯದನ್ನು, ಎರಡನೆಯದರ ಹಬೆ ಮೂರನೆಯದನ್ನು ಕುದಿಸುತ್ತದೆ. ಅದೇ ಶಾಖ ಮತ್ತೆ ಮತ್ತೆ ದುಡಿಯುತ್ತದೆ. ಹೀಗೆ ಉಳಿದ ಸಿಪ್ಪೆಯಿಂದ ಇಂದು ವಿದ್ಯುತ್ ಹುಟ್ಟುತ್ತಿದೆ. ಕಾರ್ಖಾನೆಯ ಗಳಿಕೆ ಬರೀ ದೊಡ್ಡ ಯಂತ್ರದಿಂದ ಬಂದದ್ದಲ್ಲ, ಹಬೆಯನ್ನು ಬಿಟ್ಟುಕೊಡದೆ ದುಡಿಸಿಕೊಂಡದ್ದರಿಂದ ಬಂದದ್ದು.

ಕಬ್ಬು ಹಬ್ಬಿದ್ದು ನೀರಾವರಿಯಿಂದ, ಹಬೆಯಿಂದಲ್ಲ ಎಂದು ಆಕ್ಷೇಪಿಸಬಹುದು. ಕಬ್ಬು ಎಲ್ಲಿಂದ ಬಂತೆಂಬುದಕ್ಕೆ ಆ ಉತ್ತರ ಸರಿ. ಅದೇ ಕಬ್ಬು ಗಾಣದಲ್ಲಿ ತನ್ನ ಸಿಪ್ಪೆಯನ್ನೆಲ್ಲ ಉರಿಸಿ, ಕಾರ್ಖಾನೆಯಲ್ಲಿ ಮಿಗಿಸಿದ್ದೇಕೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಹಾಗಾದರೆ ಗಾಣದವರಿಗೆ ಶಾಖದ ತಿಳಿವಳಿಕೆ ಇರಲಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಖಂಡಿತ ಇತ್ತು. ಅವರು ಸಿಪ್ಪೆಯನ್ನು ಬಿಸಿಲಿಗೆ ಹರವಿ ಒಣಗಿಸಿಯೇ ಒಲೆಗೆ ಹಾಕಿದರು. ಕಾರ್ಖಾನೆಯ ಬಾಯ್ಲರಿಗೆ ಹೋಗುವ ಸಿಪ್ಪೆಯಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ, ಅದನ್ನು ಆವಿಯಾಗಿಸಲು ಉರಿಯ ಒಂದು ಪಾಲು ವ್ಯರ್ಥವಾಗುತ್ತದೆ. ಗಾಣದವರು ಆ ಕೆಲಸವನ್ನು ಸೂರ್ಯನಿಂದ ಪುಕ್ಕಟೆ ಮಾಡಿಸಿಕೊಂಡರು. ಅವರಿಗೆ ಇಲ್ಲದ್ದು ಜಾಣತನವಲ್ಲ. ಒತ್ತಡ ತಗ್ಗಿಸುವ ಪಾತ್ರೆ ಮತ್ತು ಅದಕ್ಕೆ ಬೇಕಾದ ಬಂಡವಾಳ.

ಕಾರ್ಖಾನೆಯೂ ನಿಸರ್ಗದ ನಿಯಮವನ್ನು ಮೀರಿಲ್ಲ. ಶಾಖದಿಂದ ಕೆಲಸ ತೆಗೆಯುವ ಯಂತ್ರ ಒಂದಿಷ್ಟು ಶಾಖವನ್ನು ತಣ್ಣನೆಯ ಕಡೆಗೆ ಬಿಡಲೇಬೇಕು ಎಂಬುದನ್ನು ಫ್ರಾನ್ಸಿನ ಎಂಜಿನಿಯರ್ ಸಾದಿ ಕಾರ್ನೊ 1824ರಲ್ಲೇ ಕಂಡಿದ್ದ. ಕುದಿಸುವ ಪಾತ್ರೆಗಳಲ್ಲೂ ಹಾಗೆಯೇ: ಕೊನೆಯ ಪಾತ್ರೆಯ ಹಬೆ ತಂಪುನೀರಿಗೆ ಶಾಖ ಒಪ್ಪಿಸಿಯೇ ನೀರಾಗುತ್ತದೆ. ಪೂರ್ತಿ ತಡೆಯಲಾಗದ ಈ ಸೋರಿಕೆಯನ್ನು ಎಷ್ಟರಮಟ್ಟಿಗೆ ತಗ್ಗಿಸಿದ್ದಾರೆ ಎಂಬುದೇ ಎರಡೂ ಕಸುಬುಗಳ ನಡುವಿನ ಅಂತರ. ಆ ಅಂತರ ವಿಧಿಲಿಖಿತವಲ್ಲ. ಒಲೆಯ ಹೊಗೆಯಿಂದ ಎರಡನೆಯ ಕೊಪ್ಪರಿಗೆಯ ಹಾಲನ್ನು ಮುಂಚಿತವಾಗಿ ಕಾಯಿಸಿದರೆ ಗಾಣದಲ್ಲೂ ಸಿಪ್ಪೆ ಮಿಗುತ್ತದೆ. ಕಾರ್ಖಾನೆಗಳನ್ನು ಬೆಳೆಸಿದ ಸಾರ್ವಜನಿಕ ಕಾಳಜಿಯ ಸಣ್ಣ ಪಾಲಾದರೂ ಇಂಥ ಒಲೆಗಳಿಗೆ ಸಲ್ಲಬೇಕು.